ಹೊಸ ಬಟ್ಟೆಯನ್ನು ಅಂಗಡಿಯವರೇ ಸುಡುತ್ತಿದ್ದದ್ದು ಯಾಕೆ?

[ಪರದೆಯ ಮೇಲೆ: ಬೆಲೆಚೀಟಿ ಕೂಡ ಕೀಳದ ಒಂದು ಕೋಟು]

ನಮಸ್ಕಾರ. ಈ ಕೋಟನ್ನು ಯಾರೂ ಒಂದು ದಿನವೂ ತೊಟ್ಟಿಲ್ಲ. ಹರಿದಿಲ್ಲ, ಕಲೆ ಬಿದ್ದಿಲ್ಲ. ಇದನ್ನು ಮಾರುವುದಕ್ಕಿಂತ ಸುಡುವುದೇ ಲಾಭ ಅಂದರೆ ನಂಬುತ್ತೀರಾ? ಹಿಂದಿನ ವಿಡಿಯೋ ಕೆಳಗೆ ನಿಮ್ಮಲ್ಲೊಬ್ಬರು ಕೇಳಿದ್ದರು, "ಮಾರಾಟವಾಗದ ಬಟ್ಟೆ ಎಲ್ಲಿಗೆ ಹೋಗುತ್ತೆ?" ಅಂತ. ಅವತ್ತಿನಿಂದ ಆ ಪ್ರಶ್ನೆ ನನ್ನ ತಲೆ ಕೊರೆಯುತ್ತಿದೆ.

2018ರಲ್ಲಿ ಬ್ರಿಟನ್ನಿನ ದುಬಾರಿ ಫ್ಯಾಷನ್ ಕಂಪನಿ ಬರ್ಬೆರಿ ಸುದ್ದಿಯಾಯಿತು. ಹಿಂದಿನ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಬಟ್ಟೆ, ಸೆಂಟು, ಸಾಮಾನುಗಳನ್ನು ನಾಶ ಮಾಡಿದ್ದಾಗಿ ಅದರ ವಾರ್ಷಿಕ ವರದಿಯೇ ಹೇಳಿತ್ತು. ಅಗ್ಗಕ್ಕೆ ಬಿಟ್ಟರೆ ಬ್ರ್ಯಾಂಡಿನ ಬೆಲೆ ಇಳಿಯುತ್ತದೆ ಅನ್ನುವುದು ಇಂಥ ಕಂಪನಿಗಳ ಭಯ. ಜನ ಸಿಟ್ಟಾದರು. ಅದೇ ಸೆಪ್ಟೆಂಬರಿನಲ್ಲಿ ಕಂಪನಿ ಈ ಪದ್ಧತಿಯನ್ನು ನಿಲ್ಲಿಸಿತು. ಆದರೆ ಇದು ಒಬ್ಬರ ಕಥೆ ಅಲ್ಲ. ಯುರೋಪಿನ ಮಾರುಕಟ್ಟೆಗೆ ಬರುವ ಬಟ್ಟೆಬರೆಯಲ್ಲಿ 4ರಿಂದ 9% ಯಾರೂ ಬಳಸುವ ಮೊದಲೇ ನಾಶವಾಗುತ್ತದೆ ಎಂದು ಯುರೋಪಿಯನ್ ಪರಿಸರ ಸಂಸ್ಥೆ ಅಂದಾಜು ಮಾಡಿದೆ.

ಇದನ್ನು ತಡೆಯಲು ಕಾನೂನು ಬಂತು. ಫ್ರಾನ್ಸ್ 2020ರಲ್ಲೇ ಕಾಯ್ದೆ ಮಾಡಿತು. ಆಮೇಲೆ 2024ರಲ್ಲಿ ಇಡೀ ಯುರೋಪಿಯನ್ ಒಕ್ಕೂಟಕ್ಕೆ ಇಕೋಡಿಸೈನ್ ನಿಯಮ, ಅಂದರೆ ಸಾಮಾನುಗಳು ಪರಿಸರಕ್ಕೆ ಕಡಿಮೆ ಹೊರೆಯಾಗಬೇಕು ಅನ್ನುವ ನಿಯಮ ಬಂತು. ಅದರ ಪ್ರಕಾರ ಮಾರಾಟವಾಗದ ಬಟ್ಟೆ, ಚಪ್ಪಲಿಗಳನ್ನು ನಾಶ ಮಾಡುವಂತಿಲ್ಲ. ದೊಡ್ಡ ಕಂಪನಿಗಳಿಗೆ ಇದು 2026ರ ಜುಲೈ 19ರಿಂದ, ಮಧ್ಯಮ ಗಾತ್ರದವಕ್ಕೆ 2030ರಿಂದ.

ಸರಿ, ಸುಡಬೇಡಿ ಅಂದಾಯಿತು. ಉಳಿದದ್ದನ್ನು ಏನು ಮಾಡಬೇಕು? ದಾನ ಕೊಡಬಹುದು, ರಿಪೇರಿ ಮಾಡಿ ಮಾರಬಹುದು, ನೂಲು ಬಿಚ್ಚಿ ಮತ್ತೆ ಬಳಸಬಹುದು. ಇದಕ್ಕೆಲ್ಲ ಆ ಬಟ್ಟೆಯಲ್ಲಿ ಏನಿದೆ, ಎಲ್ಲಿ ತಯಾರಾಯಿತು, ಯಾವ ಬಣ್ಣ ಹಾಕಿದ್ದಾರೆ ಅಂತ ಗೊತ್ತಿರಬೇಕು. ಅಂಗಡಿಗೆ ಅದು ಗೊತ್ತೇ ಇರುವುದಿಲ್ಲ! ಯಾಕೆ ಅಂತ ಹುಡುಕುತ್ತಾ ಹೋದಾಗ ನನಗೆ ಒಂದು ಸಮುದ್ರ ತೀರ ಸಿಕ್ಕಿತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಇದು ನನಗೆ ತುಂಬಾ ಇಷ್ಟವಾದ ಕಥೆ.

[ಪರದೆಯ ಮೇಲೆ: ಮರಳಿನಲ್ಲಿ ನಾಲ್ಕು ಗೆರೆ]

1948ರಲ್ಲಿ ಫಿಲಡೆಲ್ಫಿಯಾದ ಒಬ್ಬ ಅಂಗಡಿ ಮಾಲೀಕರು ಕಾಲೇಜಿಗೆ ಹೋಗಿ, ಬಿಲ್ ಹಾಕುವ ಕೆಲಸವನ್ನು ಯಂತ್ರಕ್ಕೆ ಕೊಡೋಕೆ ಆಗುತ್ತಾ ಎಂದು ಕೇಳಿದರು. ಆ ಮಾತು ಬರ್ನಾರ್ಡ್ ಸಿಲ್ವರ್ ಅನ್ನುವ ವಿದ್ಯಾರ್ಥಿಯ ಕಿವಿಗೆ ಬಿತ್ತು. ಅವರು ಗೆಳೆಯ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದರು. ವುಡ್‌ಲ್ಯಾಂಡ್ ಮಯಾಮಿಯ ಕಡಲ ದಂಡೆಯಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದರು. ಅವರಿಗೆ ಗೊತ್ತಿದ್ದ ಸಂಕೇತ ಭಾಷೆ ಒಂದೇ, ಸ್ಕೌಟ್‌ನಲ್ಲಿ ಕಲಿತ ಮೋರ್ಸ್. ಚುಕ್ಕಿ, ಗೀಟು. ಸುಮ್ನೆ ನಾಲ್ಕು ಬೆರಳನ್ನು ಮರಳಿಗೆ ಊರಿ ತಮ್ಮ ಕಡೆ ಎಳೆದುಕೊಂಡರು. ನಾಲ್ಕು ಗೆರೆ ಮೂಡಿತು. ಚುಕ್ಕಿ ಬದಲು ತೆಳ್ಳನೆ ಗೆರೆ, ಗೀಟಿನ ಬದಲು ದಪ್ಪ ಗೆರೆ ಇಟ್ಟರೆ ಹೇಗೆ ಅಂತ ಹೊಳೆದುಬಿಟ್ಟಿತು. ಅದೇ ಬಾರ್‌ಕೋಡ್!

1952ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಅದನ್ನು ಸರಾಗವಾಗಿ ಓದಬಲ್ಲ ಲೇಸರ್ ಆಗ ಹುಟ್ಟಿಯೇ ಇರಲಿಲ್ಲ. ಇಂದಿನ ಬಾರ್‌ಕೋಡ್ ಇರುವ ಮೊದಲ ಸಾಮಾನು ಸ್ಕ್ಯಾನ್ ಆದದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಊರಿನಲ್ಲಿ. ಸಾಮಾನು ಯಾವುದು? 67 ಸೆಂಟಿನ ಚ್ಯೂಯಿಂಗ್ ಗಮ್ ಪೊಟ್ಟಣ.

ಐವತ್ತು ವರ್ಷದಿಂದ ಆ ಗೆರೆಗಳು ಹೇಳುತ್ತಾ ಬಂದದ್ದು ಒಂದೇ ಮಾತು: "ನಾನು ಇಂಥ ಕಂಪನಿಯ ಇಂಥ ಸಾಮಾನು." ಒಂದೇ ತರಹದ ಲಕ್ಷ ಅಂಗಿ ಇದ್ದರೆ ಲಕ್ಷಕ್ಕೂ ಒಂದೇ ಸಂಖ್ಯೆ. ಅಂಗಡಿಗೆ ಗೊತ್ತಿರುವುದು ಅಂಗಿಯ ಜಾತಿ ಮಾತ್ರ, ಅದರ ಜಾತಕ ಅಲ್ಲ. ಬಿಲ್ ಹಾಕಲು ಅಷ್ಟು ಸಾಕಿತ್ತು, ಅಲ್ವಾ? ಹೊಸ ಕಾನೂನಿಗೆ ಸಾಲದು.

ಹಾಗಾಗಿ ಯುರೋಪು ಡಿಜಿಟಲ್ ಪ್ರಾಡಕ್ಟ್ ಪಾಸ್‌ಪೋರ್ಟ್ ತರುತ್ತಿದೆ. ಸಾಮಾನಿನ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ಅದರಲ್ಲಿ ಏನೇನಿದೆ, ರಿಪೇರಿ ಹೇಗೆ ಅನ್ನುವ ಮಾಹಿತಿ ತೆರೆದುಕೊಳ್ಳಬೇಕು. ಮೊದಲ ಸರದಿ ಬ್ಯಾಟರಿಗಳದ್ದು. 2027ರ ಫೆಬ್ರವರಿ 18ರಿಂದ ವಿದ್ಯುತ್ ವಾಹನದ ಪ್ರತಿ ಬ್ಯಾಟರಿಗೂ ಪಾಸ್‌ಪೋರ್ಟ್ ಬೇಕು. ಬಟ್ಟೆಯ ಸರದಿ ಆಮೇಲೆ.

ಇಲ್ಲಿ ಎಐ ಬರುತ್ತದೆ. ಉಳಿದದ್ದನ್ನು ಸುಡುವ ದಾರಿ ಮುಚ್ಚಿದ ಮೇಲೆ, ಉಳಿಯದ ಹಾಗೆ ತಯಾರಿಸುವುದೇ ಜಾಣತನ. ಹಳೆಯ ಮಾರಾಟ, ಹವಾಮಾನ, ರಜಾದಿನ ಎಲ್ಲವನ್ನೂ ನೋಡಿ ಯಾವ ಅಂಗಡಿಗೆ ಯಾವ ಸೈಜ್ ಎಷ್ಟು ಬೇಕು ಅಂತ ಎಐ ಅಂದಾಜು ಮಾಡುತ್ತದೆ. ಆದರೆ ಒಂದು ಮೋಸ ಇದೆ. ಅಂಗಿ ಖಾಲಿಯಾದ ದಿನ ಮಾರಾಟ ಸೊನ್ನೆ. "ಇದು ಯಾರಿಗೂ ಬೇಕಿರಲಿಲ್ಲ" ಎಂದು ಯಂತ್ರ ತಿಳಿದರೆ? ನಿಜವಾಗಿ ಹತ್ತು ಜನ ಕೇಳಿ, ಇಲ್ಲ ಅನಿಸಿಕೊಂಡು ಹೋಗಿರಬಹುದು. ಮಾರಾಟ ಬೇರೆ, ಬೇಡಿಕೆ ಬೇರೆ. ಈ ವ್ಯತ್ಯಾಸ ಕಲಿಸದೆ ಎಐ ತಂದರೆ ತಪ್ಪು ಅಂದಾಜನ್ನೇ ವೇಗವಾಗಿ ಮಾಡುತ್ತದೆ.

ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ. ಇದೇ ಎಐ ನಮ್ಮ ಫೋನಿನಲ್ಲಿ ಕೂತು "ಇದನ್ನೂ ಕೊಳ್ಳಿ" ಅಂತ ತೋರಿಸುತ್ತಾ ಇರುತ್ತದೆ. ಕಡಿಮೆ ತಯಾರಿಸಲೂ ಅದೇ, ಜಾಸ್ತಿ ಕೊಳ್ಳಿಸಲೂ ಅದೇ. ಕಂಪನಿ ಯಾವ ಕೆಲಸಕ್ಕೆ ಹಚ್ಚುತ್ತದೆ ಅನ್ನುವುದನ್ನು ಕಾನೂನೇ ನಿರ್ಧರಿಸುತ್ತದೆ ಎಂದು ನಾನು ನಂಬುತ್ತೇನೆ. ಸುಡುವುದು ಅಗ್ಗವಾಗಿರುವ ತನಕ ಒಳ್ಳೆಯ ಅಂದಾಜಿಗೆ ದುಡ್ಡು ಹಾಕುವವರು ಕಡಿಮೆ.

ಸಮಯ ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಆಧಾರ ಇಲ್ಲದೆ "ಪರಿಸರಸ್ನೇಹಿ" ಎಂದು ಬರೆದುಕೊಳ್ಳುವುದಕ್ಕೆ ಯುರೋಪಿನಲ್ಲಿ 2026ರ ಸೆಪ್ಟೆಂಬರ್ 27ರಿಂದ ತಡೆ. ನಮ್ಮ ಪರವಾಗಿ ಎಐ ಸಹಾಯಕನೇ ಸಾಮಾನು ಆರಿಸುವ ಕಾಲ ಶುರುವಾಗಿದೆ. ಅದಕ್ಕೆ ಜಾಹೀರಾತಿನ ಮಾತಿಗಿಂತ ಪಾಸ್‌ಪೋರ್ಟಿನ ಮಾಹಿತಿ ಸಿಗುವುದು ಒಳ್ಳೆಯದು. ಎಐಗೂ ಕರೆಂಟ್ ಬೇಕು ಅನ್ನುವುದನ್ನು ಮರೆಯುವಂತಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಲ್ಲಿ, 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು 1.5% ಡೇಟಾ ಸೆಂಟರ್‌ಗಳಿಗೇ ಹೋಗಿದೆ. ಅದರಲ್ಲಿ ಎಐ ಪಾಲು ಬೆಳೆಯುತ್ತಲೇ ಇದೆ.

ಈಗ ಕೈಗೆ ಸಿಕ್ಕ ಯಾವುದಾದರೂ ಪೊಟ್ಟಣ ತಿರುಗಿಸಿ. 2027ರ ಕೊನೆಯೊಳಗೆ ಬಿಲ್ಲಿಂಗ್ ಕೌಂಟರ್‌ಗಳು ಗೆರೆಯ ಜೊತೆ ಕ್ಯೂಆರ್‌ನಂಥ ಚೌಕದ ಕೋಡನ್ನೂ ಓದಬೇಕು ಎಂಬುದು ಬಾರ್‌ಕೋಡ್ ಗುಣಮಟ್ಟ ನೋಡಿಕೊಳ್ಳುವ ಜಿಎಸ್1 ಸಂಸ್ಥೆಯ ಗುರಿ. ನಿಮ್ಮ ಪೊಟ್ಟಣದ ಮೇಲೆ ಚೌಕ ಇದೆಯಾ? ಸ್ಕ್ಯಾನ್ ಮಾಡಿದರೆ ಬಂದದ್ದು ಮಾಹಿತಿಯಾ, ಬರೀ ಜಾಹೀರಾತಾ? ಕಾಮೆಂಟ್‌ನಲ್ಲಿ ಬರೆಯಿರಿ, ಒಂದೊಂದನ್ನೂ ಓದುತ್ತೇನೆ.