ಅಜ್ಜಿಯ ನಡಿಗೆಯಲ್ಲಿ ನಾನೂರು ಮೀಟರ್

ಕೇಳುಗರಿಗೆ ನಮಸ್ಕಾರ. ಹಿರಿಯರ ಸೇವೆಗೆ ಗ್ರಾಮ ಪಂಚಾಯಿತಿ ಯೋಜನೆ ಮಾಡುವುದು ಹೇಗೆ ಎಂದು ಮಾತನಾಡಲು ನನ್ನನ್ನು ಕರೆದಿದ್ದಾರೆ. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುತ್ತಲೇ ತಲೆ ಬೆಳ್ಳಗಾದವಳು ನಾನು. ಈಗ ನನ್ನ ಹೆಸರೂ ಹಿರಿಯರ ಪಟ್ಟಿಯಲ್ಲೇ ಇದೆ. ನನ್ನ ಬಳಿ ಇರುವುದು ಒಂದೇ ಮಾತು: ಯೋಜನೆ ಬರೆಯುವ ಮೊದಲು ನಿಮ್ಮ ಊರಿನ ಒಬ್ಬ ಅಜ್ಜಿಯ ಜೊತೆ, ಅವರ ಹೊಸ್ತಿಲಿನಿಂದ ಹೊರಟು, ಅವರ ನಡಿಗೆಯಲ್ಲೇ ನಡೆದು ನೋಡಿ.

2011ರ ಜನಗಣತಿಯ ವೇಳೆಗೇ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚಿದ್ದರು. ಆದರೂ ನಾನು ನೋಡಿದ ಕ್ರಿಯಾ ಯೋಜನೆಗಳಲ್ಲಿ ಮೊದಲು ರಸ್ತೆ, ಆಮೇಲೆ ಚರಂಡಿ, ಆಮೇಲೆ ಹೈಮಾಸ್ಟ್ ದೀಪ. ಕಟ್ಟಕಡೆಗೆ ‘ಹಿರಿಯರಿಗೆ ಸೌಲಭ್ಯ’ ಎಂಬ ಒಂದು ಸಾಲು, ಅದರ ಮುಂದೆ ಮೊತ್ತವೂ ಇರುವುದಿಲ್ಲ.

ಬಯಲುಸೀಮೆಯ ಒಂದು ಊರಿನ ಕಥೆ ಹೇಳುತ್ತೇನೆ. ಅಲ್ಲಿನ ಅಜ್ಜಿಯೊಬ್ಬರು ಸಂಧ್ಯಾ ಸುರಕ್ಷಾ ಪಿಂಚಣಿಯ ಹಣ ತರಲು ಹೊರಟಿದ್ದರು. ಎಂಜಿನಿಯರ್ ಲೆಕ್ಕದಲ್ಲಿ 400 ಮೀಟರ್, ಐದು ನಿಮಿಷದ ದಾರಿ. ವಾರ್ಡಿನ ಸದಸ್ಯರನ್ನೂ ಎಳೆದುಕೊಂಡು ನಾನು ಅಜ್ಜಿಯ ಹಿಂದೆ ಹೊರಟೆ. ತಲುಪಲು ಹಿಡಿದದ್ದು 50 ನಿಮಿಷ!

ಮೊದಲ ತೊಡಕು ಬಾಗಿಲಲ್ಲೇ. ಕಾಂಕ್ರೀಟಿನ ಮೇಲೆ ಕಾಂಕ್ರೀಟು ಸುರಿದು ಸುರಿದು ರಸ್ತೆ ಮೇಲೆದ್ದಿತ್ತು, ಮನೆ ಗುಂಡಿಯಲ್ಲಿ ಉಳಿದಿತ್ತು. ಅಜ್ಜಿ ಎರಡೂ ಕೈ ಊರಿ, ಅಂಬೆಗಾಲಿಟ್ಟು ರಸ್ತೆಗೆ ಹತ್ತಿದರು. ಆ ಕಾಮಗಾರಿ ಮಾಡಿಸಿದ ಸದಸ್ಯರು ತಮ್ಮ ಚಪ್ಪಲಿ ನೋಡುತ್ತಾ ನಿಂತರು. ಮುಂದೆ ಚರಂಡಿಯ ಮೇಲೆ ಒಂದು ಚಪ್ಪಡಿ ಇರಲಿಲ್ಲ. ನಾವು ದಾಟಿದೆವು. ಅಜ್ಜಿ ಕೋಳಿ ಅಂಗಡಿಯ ಹಿತ್ತಲಿನಿಂದ ಸುತ್ತಿ ಬಂದರು. ಬಂದವರೇ ಅಶ್ವತ್ಥ ಕಟ್ಟೆಯ ಮೇಲೆ ಕುಳಿತು ಎಲೆಅಡಿಕೆ ಚೀಲ ಬಿಚ್ಚಿದರು. “ಈ ಕಟ್ಟೆ ಇಲ್ಲದಿದ್ದರೆ ನಾನು ಇತ್ತ ಬರುವುದನ್ನು ಎಂದೋ ಬಿಡುತ್ತಿದ್ದೆ” ಎಂದರು. ಕೇಳುಗರೇ, ಆ ಕಟ್ಟೆ ಒಡೆದು ರಸ್ತೆ ಅಗಲ ಮಾಡುವ ಪ್ರಸ್ತಾವ ಸದಸ್ಯರ ಕಂಕುಳಲ್ಲಿದ್ದ ಕಡತದಲ್ಲೇ ಇತ್ತು! ಅದೇ ಕಡತದ ಕೊನೆಯಲ್ಲಿ ಹಿರಿಯರ ವಿಶ್ರಾಂತಿಗೆ ಒಂದು ಉದ್ಯಾನ. ಎಲ್ಲಿ? ಕೆರೆ ಏರಿಯ ಆಚೆ. ಅಲ್ಲಿಯವರೆಗೆ ನಡೆಯಬಲ್ಲ ಮುದುಕರಿಗೆ ವಿಶ್ರಾಂತಿ ಏಕೆ ಬೇಕು, ಹೇಳಿ.

ಹಣ ಕೊಡುವ ಕಡೆ ಯಂತ್ರ ಅಜ್ಜಿಯ ಬೆರಳಚ್ಚನ್ನು ಒಪ್ಪಲಿಲ್ಲ. ಆಯುಷ್ಯವಿಡೀ ಕಳೆ ಕಿತ್ತ ಬೆರಳಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ನಾಳೆ ಬನ್ನಿ ಎಂದರು. ನಾಳೆ ಎಂದರೆ ಮತ್ತೆ ಅದೇ ರಸ್ತೆ, ಅದೇ ಚರಂಡಿ.

ಕಟ್ಟೆ ಉಳಿಯಿತು. ಚಪ್ಪಡಿ ಆ ವಾರವೇ ಬಿತ್ತು. ಅಜ್ಜಿಯ ಬಾಗಿಲಿಗೆ ಎರಡು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಬ್ಬಿಣದ ಕೊಳವೆ. ಉದ್ಯಾನಕ್ಕೆ ಬರೆದಿದ್ದ ಹಣದ ಮೂಲೆಯಷ್ಟೂ ಖರ್ಚಾಗಲಿಲ್ಲ.

ಕಥೆಯಲ್ಲೇ ಮುಕ್ಕಾಲು ಸಮಯ ಹೋಯಿತು, ಉಳಿದದ್ದನ್ನು ಓಡಿಸುತ್ತೇನೆ. ಹಣವಿಲ್ಲ ಎನ್ನಬೇಡಿ. 15ನೇ ಹಣಕಾಸು ಆಯೋಗವು ಪಂಚಾಯಿತಿಗಳ ಅನುದಾನದ ಶೇಕಡಾ 60ನ್ನು ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದರೂ ಉಳಿದ 40ನ್ನು ಊರಿನ ಅಗತ್ಯಕ್ಕೇ ಬಿಟ್ಟಿತ್ತು. ಹಾಸಿಗೆ ಹಿಡಿದವರ ಜೊತೆ ನಡೆಯುವುದು ಹೇಗೆ ಎಂದು ಕೇಳುತ್ತೀರಿ. ಅವರ ಮನೆಗೆ ನೀವೇ ನಡೆಯಿರಿ. ಪಕ್ಕದ ಕೇರಳದಲ್ಲಿ ಪಂಚಾಯಿತಿಯ ಉಪಶಾಮಕ ಆರೈಕೆಯ, ಎಂದರೆ ನೋವು ತಗ್ಗಿಸಿ ನೋಡಿಕೊಳ್ಳುವ, ನರ್ಸ್ ಮನೆಮನೆಗೆ ಹೋಗುತ್ತಾರೆ. ಇನ್ನು ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಸಂತೋಷ. ಆದರೆ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಎಟುಕಬೇಕಲ್ಲ? ನಿಲ್ದಾಣದಲ್ಲಿ ಒಂದು ಜಗಲಿ ಕಟ್ಟಿಸುವುದು ಪಂಚಾಯಿತಿಯ ಕೈಯಲ್ಲೇ ಇದೆ.

ವಾರ್ಡ್ ಸಭೆಯನ್ನು ಬಿಸಿಲೇರುವ ಮೊದಲು, ನೆಲಮಟ್ಟದಲ್ಲಿ, ಕುರ್ಚಿ ಹಾಕಿ ನಡೆಸಿ. ಮಹಡಿಯ ಮೇಲೆ ಸಭೆ ಇಟ್ಟು, ಹಿರಿಯರು ಬರಲೇ ಇಲ್ಲ ಎಂದು ಬರೆದುಕೊಳ್ಳಬೇಡಿ. ಅದಕ್ಕೂ ಮೊದಲು, ಮತ್ತೆ ಹೇಳುತ್ತೇನೆ, ಒಬ್ಬ ಅಜ್ಜಿಯ ಜೊತೆ ನಡೆಯಿರಿ.

ಮನೆಯಲ್ಲಿ ಒಬ್ಬರೇ ಕುಳಿತು ಇದನ್ನು ಕೇಳುತ್ತಿರುವ ಹಿರಿಯರು ಒಂದು ಸಂಖ್ಯೆ ಬರೆದುಕೊಳ್ಳಿ. ಅದು ಹಿರಿಯರ ಸಹಾಯವಾಣಿ, 14567. ಪೆನ್ನು ಸಿಗಲಿಲ್ಲವೇ? ಬಿಡಿಬಿಡಿಯಾಗಿ ಹೇಳುತ್ತೇನೆ: ಒಂದು, ನಾಲ್ಕು, ಐದು, ಆರು, ಏಳು. ನಮಸ್ಕಾರ.