ಮೂವತ್ತು ವರ್ಷಗಳ ಮೇಲೆ ಮತ್ತೆ ಮಂಕಿ ಐಲೆಂಡ್

ಕೇಳುಗರಿಗೆ ನಮಸ್ಕಾರ.

ಅವನಿಗೆ ಕಡಲ್ಗಳ್ಳನಾಗಬೇಕು ಅನ್ನುವ ಹುಚ್ಚು. ಕತ್ತಿ ಹಿಡಿಯಲು ಬರುವುದಿಲ್ಲ, ಹಡಗಿಲ್ಲ, ಕೈಯಲ್ಲಿ ಕಾಸಿಲ್ಲ. ಬರುವ ವಿದ್ಯೆ ಒಂದೇ, ಹತ್ತು ನಿಮಿಷ ಉಸಿರು ಬಿಗಿಹಿಡಿಯುವುದು. ಗೈಬ್ರಷ್ ಥ್ರೀಪ್‌ವುಡ್ ಅಂತ ಹೆಸರು. 1990ರಲ್ಲಿ ಈ ಹುಡುಗ ಕೆರಿಬಿಯನ್ ಕಡಲಿನ ಮೆಲೀ ಎಂಬ ಕಲ್ಪನೆಯ ದ್ವೀಪದಲ್ಲಿ ಕಾಣಿಸಿಕೊಂಡ. ಮಂಕಿ ಐಲೆಂಡ್ ಕಂಪ್ಯೂಟರ್ ಆಟಗಳ ಸರಣಿ ಶುರುವಾದದ್ದು ಹಾಗೆ. ಮಾಡಿದವರು ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯಲ್ಲಿದ್ದ ರಾನ್ ಗಿಲ್ಬರ್ಟ್, ಜೊತೆಗೆ ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್. 1991ರಲ್ಲಿ ಎರಡನೇ ಆಟ ಬಂತು. ಅದಾದ ಮೇಲೆ ಗಿಲ್ಬರ್ಟ್ ಸಂಸ್ಥೆ ಬಿಟ್ಟು ಹೊರಟರು. ಮೂವತ್ತು ವರ್ಷ ಕಳೆದು, 2022ರ ಸೆಪ್ಟೆಂಬರ್ 19ರಂದು, ಅವರು ಗ್ರಾಸ್‌ಮನ್ ಜೊತೆ ಸೇರಿ ಮಾಡಿದ 'ರಿಟರ್ನ್ ಟು ಮಂಕಿ ಐಲೆಂಡ್' ಹೊರಬಂತು. ಆ ಆಟ ನನಗೆ ತುಂಬ ಇಷ್ಟ. ಅದರ ಮೇಲೆ ನನ್ನ ದೂರುಗಳೂ ಇವೆ.

ಇವು ಪಾಯಿಂಟ್ ಆಂಡ್ ಕ್ಲಿಕ್ ಆಟಗಳು. ಹಾಗಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಪರದೆ ಮೇಲೆ ಒಂದು ಜಾಗದ ಚಿತ್ರ ಇರುತ್ತದೆ. ಒಂದು ಹೋಟೆಲು, ಒಂದು ಕಾಡು, ಒಂದು ಸೆರೆಮನೆ. ಮೌಸ್ ತಂದು ಯಾವುದೋ ವಸ್ತುವಿನ ಮೇಲೆ ಇಟ್ಟು ಕ್ಲಿಕ್ ಮಾಡುತ್ತೀರಿ. ನೋಡು, ತೆಗೆದುಕೋ, ತೆರೆ, ಕೊಡು, ಮಾತಾಡು. ಸಿಕ್ಕಿದ್ದೆಲ್ಲ ಗೈಬ್ರಷ್‌ನ ಜೇಬು ಸೇರುತ್ತದೆ. ಮಧ್ಯದಲ್ಲಿ ರಾಟೆ ಇರುವ ರಬ್ಬರ್ ಕೋಳಿ ಕೂಡ. ಅದರಿಂದ ಏನು ಉಪಯೋಗ ಅಂತ ಸಿಕ್ಕಾಗ ಗೊತ್ತಾಗುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಎರಡು ಕಡೆಗೆ ಬಿಗಿದ ಒಂದು ಹಗ್ಗ ಕಾಣುತ್ತದೆ. ಆಚೆ ದಡಕ್ಕೆ ಜಾರಿಕೊಂಡು ಹೋಗಲು ರಾಟೆ ಬೇಕು. ಆಗ ಆ ಕೋಳಿ ನೆನಪಾಗುತ್ತದೆ, ಮೈ ಜುಮ್ಮೆನ್ನುತ್ತದೆ.

ಮೊದಲ ಆಟದಲ್ಲಿ ಸಾವಿಲ್ಲ. ಆ ಕಾಲದ ಬೇರೆ ಸಾಹಸದ ಆಟಗಳಲ್ಲಿ ಒಂದು ಹೆಜ್ಜೆ ತಪ್ಪಿದರೆ ಸತ್ತಂತೆ. ಇನ್ನೂ ಕೆಟ್ಟದ್ದೆಂದರೆ, ಶುರುವಿನಲ್ಲಿ ಒಂದು ವಸ್ತು ಎತ್ತಿಕೊಳ್ಳದೆ ಬಂದಿದ್ದರೆ ಕೊನೆಗೆ ಆಟ ಮುಂದೆ ಹೋಗುತ್ತಲೇ ಇರಲಿಲ್ಲ. ಇದು ಅನ್ಯಾಯ ಅಂತ 1989ರಲ್ಲೇ ಗಿಲ್ಬರ್ಟ್ ಒಂದು ಲೇಖನ ಬರೆದಿದ್ದರು. ಮರುವರ್ಷ ಆಟದಲ್ಲೇ ಮಾಡಿ ತೋರಿಸಿದರು. ಒಂದು ಕಡೆ ಬಂಡೆಯ ಅಂಚು ಕುಸಿದು ಗೈಬ್ರಷ್ ಕೆಳಗೆ ಬೀಳುತ್ತಾನೆ. ನೀವು ಸತ್ತಿರಿ, ಮತ್ತೆ ಶುರು ಮಾಡಿ ಅನ್ನುವಂಥ ಚೌಕ ತೆರೆದುಕೊಳ್ಳುತ್ತದೆ. ಎದೆ ಧಸಕ್ಕೆನ್ನುತ್ತದೆ. ಅಷ್ಟರಲ್ಲಿ ಅವನು ಕೆಳಗಿನಿಂದ ಪುಟಿದು ಮೇಲಕ್ಕೆ ಬಂದು ನಿಂತಿರುತ್ತಾನೆ. ಕೆಳಗಿದ್ದದ್ದು ರಬ್ಬರ್ ಮರವಂತೆ! ನಿಜವಾಗಿ ಸಾಯಬೇಕಾದರೆ ನೀರಿನಡಿ ಹತ್ತು ನಿಮಿಷ ಸುಮ್ನೆ ನಿಂತಿರಬೇಕು.

ಸಾವಿನ ಭಯ ಹೋದ ಕೂಡಲೇ ಆಡುವವರ ಮನಸ್ಸು ಸಡಿಲಾಗುತ್ತದೆ. ಎಲ್ಲವನ್ನೂ ಮುಟ್ಟಿ ನೋಡಬಹುದು, ಎಲ್ಲರನ್ನೂ ಕೆಣಕಬಹುದು. ಈ ಸರಣಿಯ ಜೀವ ಇರುವುದೇ ಇಲ್ಲಿ.

ಕತ್ತಿವರಸೆಯ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೆಲೀ ದ್ವೀಪದಲ್ಲಿ ಕತ್ತಿವರಸೆ ಗೆಲ್ಲುವುದು ಕೈಯಿಂದಲ್ಲ, ಬಾಯಿಂದ. ಎದುರಾಳಿ ಒಂದು ಮೂದಲಿಕೆಯ ಮಾತು ಎಸೆಯುತ್ತಾನೆ. ಅದಕ್ಕೆ ತಕ್ಕ ತಿರುಗೇಟು ಕೊಟ್ಟರೆ ಅವನು ಹಿಂದೆ ಸರಿಯುತ್ತಾನೆ. ತಡವರಿಸಿದರೆ ನೀವು ಸರಿಯುತ್ತೀರಿ. ಮೊದಲಿಗೆ ಗೈಬ್ರಷ್‌ಗೆ ಒಳ್ಳೆಯ ಮಾತು ಒಂದೂ ಗೊತ್ತಿಲ್ಲ. ದಾರಿಯಲ್ಲಿ ಸಿಗುವ ಕಡಲ್ಗಳ್ಳರ ಜೊತೆ ಸೋಲುತ್ತಾ ಸೋಲುತ್ತಾ ಅವರ ಮಾತನ್ನೇ ಕಲಿಯಬೇಕು. ಒಬ್ಬನಿಂದ ಕಲಿತ ಮೂದಲಿಕೆಯನ್ನು ಇನ್ನೊಬ್ಬನ ಮೇಲೆ ಎಸೆದರೆ ಅವನು ಅದರ ತಿರುಗೇಟನ್ನು ಕಲಿಸಿಕೊಡುತ್ತಾನೆ. ಹೀಗೆ ಕೂಡಿಸಿಕೊಂಡು, ಇನ್ನು ನನ್ನನ್ನು ಸೋಲಿಸುವವರಿಲ್ಲ ಅಂತ ಕತ್ತಿವರಸೆಯ ಗುರು ಕಾರ್ಲಾ ಮುಂದೆ ನಿಲ್ಲುತ್ತೀರಿ. ಅವಳು ಬಾಯಿ ತೆರೆದರೆ ಬರುವ ಮೂದಲಿಕೆ ಒಂದೂ ನೀವು ಕೇಳಿದ್ದಲ್ಲ! ನಿಮ್ಮ ಬಳಿ ಇರುವುದು ಹಳೆಯ ತಿರುಗೇಟುಗಳು ಮಾತ್ರ. ಒಂದೊಂದನ್ನೂ ಹೊಸ ಮಾತಿಗೆ ಹೊಂದಿಸಿ ನೋಡಬೇಕು. ಹೊಂದುತ್ತದೆ, ಅಷ್ಟು ಜಾಣತನದಿಂದ ಬರೆದಿದ್ದಾರೆ. ಕಂಠಪಾಠ ಮಾಡಿದ್ದು ಸಾಲದು, ಮಾತಿನ ಅರ್ಥ ಹಿಡಿಯಬೇಕು. ಆಟಗಳಲ್ಲಿ ಇದಕ್ಕಿಂತ ಸೊಗಸಾದ ಪರೀಕ್ಷೆಯನ್ನು ನಾನು ಕಂಡಿಲ್ಲ.

ಸಂಗೀತದ್ದೂ ಒಂದು ಮಾತು. ಎರಡನೇ ಆಟದಲ್ಲಿ ವುಡ್‌ಟಿಕ್ ಅನ್ನುವ ಊರಿದೆ, ಮುರಿದ ಹಡಗುಗಳನ್ನೇ ಮನೆ ಮಾಡಿಕೊಂಡ ಊರು. ಗೈಬ್ರಷ್ ಒಂದೊಂದು ಬಾಗಿಲು ಹೊಕ್ಕಾಗಲೂ ವಾದ್ಯ ಬದಲಾಗುತ್ತದೆ, ರಾಗ ಹೊಸ ತಿರುವು ಪಡೆಯುತ್ತದೆ. ಆದರೆ ಎಲ್ಲೂ ಕಡಿಯುವುದಿಲ್ಲ. ಹೊರಗೆ ಬಂದರೆ ಮೊದಲಿನ ಧಾಟಿಗೆ ನಯವಾಗಿ ಮರಳುತ್ತದೆ. ಇದಕ್ಕಾಗಿಯೇ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಐಮ್ಯೂಸ್ ಅನ್ನುವ ಹೊಸ ವ್ಯವಸ್ಥೆ ಕಟ್ಟಿದ್ದರು. ಇವರಿಬ್ಬರೂ ಕ್ಲಿಂಟ್ ಬಜಾಕಿಯನ್ ಜೊತೆ 2022ರ ಆಟಕ್ಕೂ ಸಂಗೀತ ಕೊಟ್ಟಿದ್ದಾರೆ.

ನಡುವಿನ ಆಟಗಳನ್ನು ಬೇಗ ಮುಗಿಸುತ್ತೇನೆ. 1997ರ ಮೂರನೆಯದು ಕೈಯಲ್ಲಿ ಬಿಡಿಸಿದ ಚಿತ್ರಗಳದ್ದು, ನೋಡಲು ಹಬ್ಬ. ಗೈಬ್ರಷ್‌ಗೆ ಡೊಮಿನಿಕ್ ಅರ್ಮಾಟೊ ದನಿ ಸಿಕ್ಕಿದ್ದು ಅಲ್ಲೇ. 2000ದ ನಾಲ್ಕನೆಯದು ಮೂರು ಆಯಾಮಕ್ಕೆ ಹೋಗಿ, ಮೌಸನ್ನೇ ಕೈಬಿಟ್ಟು, ಕೀಲಿಮಣೆಯಿಂದ ಗೈಬ್ರಷ್‌ನನ್ನು ನಡೆಸುವಂತೆ ಮಾಡಿತು. ಅದರ ಕೊನೆಯಲ್ಲಿ ಬರುವ ಕೋತಿ ಕಾಳಗವಂತೂ ಬರೀ ಪಟ್ಟಿ ಬರೆದುಕೊಂಡು ಉರುಹೊಡೆಯುವ ಕೆಲಸ. ಕಾರ್ಲಾ ಪ್ರಸಂಗದ ಜಾಣ್ಮೆಗೆ ಅದು ಪೂರಾ ಉಲ್ಟಾ. 2009ರಲ್ಲಿ ಟೆಲ್‌ಟೇಲ್ ಸಂಸ್ಥೆ ಐದು ಕಂತಿನಲ್ಲಿ ಐದನೆಯದನ್ನು ತಂದಿತು. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. 2012ರಲ್ಲಿ ಹಕ್ಕುಗಳೆಲ್ಲ ಡಿಸ್ನಿ ಪಾಲಾದವು.

ಇನ್ನು 2022ರ ಆಟ. ಚಿತ್ರಶೈಲಿಯ ಮೇಲೆ ದೊಡ್ಡ ಗಲಾಟೆ ಎದ್ದಿತು. 2013ರಲ್ಲಿ ಗಿಲ್ಬರ್ಟ್ ಒಮ್ಮೆ, ನಾನು ಇನ್ನೊಂದು ಮಂಕಿ ಐಲೆಂಡ್ ಮಾಡಿದರೆ ಅದು ಹಳೆಯ ಆಟಗಳ ಥರವೇ ಇರುತ್ತದೆ ಅಂತ ಬರೆದಿದ್ದರು. ಜನ ಅದನ್ನೇ ನಂಬಿ ಕೂತಿದ್ದರು. ಬಂದದ್ದು ನೋಡಿದರೆ, ಕಲಾ ನಿರ್ದೇಶಕ ರೆಕ್ಸ್ ಕ್ರೌಲ್ ರೂಪಿಸಿದ, ಕಾಗದ ಕತ್ತರಿಸಿ ಅಂಟಿಸಿದಂಥ ಚೂಪು ಮೂಲೆಗಳ ಚಿತ್ರಗಳು. ಕೆಲವರ ಬೈಗುಳ ಎಷ್ಟು ಕೀಳಾಯಿತೆಂದರೆ, ಗಿಲ್ಬರ್ಟ್ ಆಟದ ಬಗ್ಗೆ ಬರೆಯುವುದನ್ನೇ ನಿಲ್ಲಿಸಿದರು. ನನಗೆ ಇದು ಬಹಳ ಬೇಸರ ತಂದ ಸಂಗತಿ. ಮೂವತ್ತು ವರ್ಷ ಕಾದದ್ದು ನಿಜ. ಆದರೆ ಕಾದವರಿಗೆ ಮಾಡುವವರ ಕೈ ಹಿಡಿದು ಗೆರೆ ಎಳೆಸುವ ಹಕ್ಕು ಬರುವುದಿಲ್ಲ, ಅಲ್ವಾ? ಆಡುತ್ತಾ ಹೋದರೆ ಮೆಲೀ ದ್ವೀಪದ ರಾತ್ರಿಯ ಬೀದಿ, ನೀಲಿ ಕತ್ತಲಲ್ಲಿ ಹಳದಿ ಕಿಟಕಿಗಳು ಕಣ್ಣು ತುಂಬುತ್ತವೆ. ಮುಖಗಳನ್ನು ಹತ್ತಿರದಿಂದ ತೋರಿಸಿದಾಗ ಮಾತ್ರ ಭಾವ ಸಾಲದು ಅನ್ನಿಸುತ್ತದೆ. ಅಷ್ಟು ಕೊರತೆ ಇದೆ.

ಮರಳಿ ಬರುವ ಆಟಗಳು ಸಾಮಾನ್ಯವಾಗಿ ವಯಸ್ಸನ್ನು ಮುಚ್ಚಿಡುತ್ತವೆ. ಇದು ಮುಚ್ಚಿಡುವುದಿಲ್ಲ. ಇಲ್ಲಿ ಗೈಬ್ರಷ್ ಒಬ್ಬ ಅಪ್ಪ. ಬೆಂಚಿನ ಮೇಲೆ ಕೂತು ಮಗನಿಗೆ ಹಳೆಯ ಕತೆ ಹೇಳುತ್ತಾನೆ. ಕತೆಯೊಳಗಿನ ಗೈಬ್ರಷ್ ಮಂಕಿ ಐಲೆಂಡ್ ಎಂಬ ದ್ವೀಪದ ಗುಟ್ಟನ್ನು ಇನ್ನೂ ಹುಡುಕುತ್ತಲೇ ಇದ್ದಾನೆ. ಅವನ ಹಳೆಯ ವೈರಿ ಲೆಚಕ್ ಕೂಡ ಅದನ್ನೇ ಹುಡುಕುತ್ತಿದ್ದಾನೆ. ಕಾರ್ಲಾ ಈಗ ಗವರ್ನರ್. ಮೆಲೀ ದ್ವೀಪದ ಕಡಲ್ಗಳ್ಳರ ಹಳೆಯ ಮುಖಂಡರನ್ನು ಮೂಲೆಗೆ ತಳ್ಳಿ ಹೊಸಬರು ಕೂತಿದ್ದಾರೆ. ವಸ್ತುವಿನ ಮೇಲೆ ಮೌಸ್ ಇಟ್ಟರೆ 'ನೋಡು', 'ತೆಗೆದುಕೋ' ಅಂತ ಬರೀ ಕ್ರಿಯಾಪದ ಬರುವುದಿಲ್ಲ, ಗೈಬ್ರಷ್ ಮನಸ್ಸಿನ ಮಾತೇ ಬರುತ್ತದೆ. ಕ್ಲಿಕ್ ಮಾಡುವ ಮೊದಲೇ ನಗು ಬಂದಿರುತ್ತದೆ. ಹಳೆಯ ಪದ್ಧತಿಗೆ ಇಷ್ಟು ಒಳ್ಳೆಯ ತಿದ್ದುಪಡಿ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ.

ಈಗ ದೂರು. ಮೊದಲನೆಯದು ಸುಳಿವಿನ ಪುಸ್ತಕ. ವೂಡೂ ಮಾಂತ್ರಿಕಳ ಅಂಗಡಿಯಲ್ಲಿ ಸಿಗುವ ಇದು ಯಾವಾಗಲೂ ಗೈಬ್ರಷ್ ಜೇಬಿನಲ್ಲೇ ಇರುತ್ತದೆ. ಒಗಟು ಬಿಡಿಸಲಾಗದಿದ್ದರೆ ತೆರೆಯಿರಿ. ಮೊದಲು ಸೂಕ್ಷ್ಮವಾಗಿ ಹೇಳುತ್ತದೆ, ಮತ್ತೆ ಕೇಳಿದರೆ ಇನ್ನಷ್ಟು, ಕೊನೆಗೆ ಉತ್ತರವನ್ನೇ ಕೊಡುತ್ತದೆ. ಬಹಳ ಅಚ್ಚುಕಟ್ಟಾಗಿ ಮಾಡಿದ್ದಾರೆ, ಉದ್ದೇಶವೂ ಒಳ್ಳೆಯದೇ. ಈಗಿನವರಿಗೆ ಪುರುಸೊತ್ತು ಕಮ್ಮಿ. ಆದರೆ ಈ ಬಗೆಯ ಆಟದಲ್ಲಿ ದಾರಿ ಕಾಣದೆ ಕೂರುವುದು ಆಟದ ಅಡಚಣೆಯಲ್ಲ, ಅದೇ ಆಟ. ಏನೂ ತೋಚದೆ ಕಂಪ್ಯೂಟರ್ ಆರಿಸಿ ಮಲಗುತ್ತೀರಿ. ಬೆಳಿಗ್ಗೆ ಹಲ್ಲುಜ್ಜುವಾಗ, ಅರೆ, ಆ ಕೋಳಿಯಲ್ಲಿ ರಾಟೆ ಇತ್ತಲ್ಲ ಅಂತ ಹೊಳೆಯುತ್ತದೆ. ಅಂಥ ಬೆಳಗು ಪುಸ್ತಕದಿಂದ ಸಿಗುವುದಿಲ್ಲ. ಹಿಂದೆ ಸುಳಿವು ಬೇಕೆಂದರೆ ದುಡ್ಡು ಕೊಟ್ಟು ಒಂದು ನಂಬರಿಗೆ ಫೋನ್ ಮಾಡಬೇಕಿತ್ತು. ಎರಡನೇ ಆಟದಲ್ಲಿ ಕಾಡಿನ ನಡುವೆ ಸ್ವತಃ ಗೈಬ್ರಷ್ ಆ ಸಹಾಯವಾಣಿಗೆ ಫೋನ್ ಮಾಡುತ್ತಾನೆ! ಆ ಕಷ್ಟ ಇದ್ದದ್ದರಿಂದಲೇ ಜನ ಇನ್ನೊಂದು ಸಲ ಯೋಚಿಸುತ್ತಿದ್ದರು. ಈಗ ಕೈ ತಾನಾಗಿ ಪುಸ್ತಕದ ಕಡೆ ಹೋಗುತ್ತದೆ. ಒಗಟುಗಳನ್ನೂ ಹಾಗೇ ಮೆದು ಮಾಡಿದ್ದಾರೆ. ನಡುವಿನ ಭಾಗದಲ್ಲಿ ಹಡಗು ಹತ್ತಿ ಹಲವು ದ್ವೀಪಗಳಿಗೆ ಓಡಾಡುವಾಗ ಮಾತ್ರ ನಿಜವಾಗಿ ತಲೆ ಕೆರೆದುಕೊಳ್ಳಬೇಕು. ಆಟದ ಅತ್ಯುತ್ತಮ ಭಾಗವೂ ಅದೇ.

ಎರಡನೇ ದೂರು ಕೊನೆಯ ಭಾಗದ್ದು. ಗುಟ್ಟೇನು ಅಂತ ಇಲ್ಲಿ ಹೇಳುವುದಿಲ್ಲ, ಆಡದವರಿಗೆ ಅದು ಮೋಸ. ಅದು ಜನರನ್ನು ಎರಡು ಪಾಲು ಮಾಡಿತು. ಇದಕ್ಕಾ ಇಷ್ಟು ವರ್ಷ ಕಾದದ್ದು ಅಂದವರು ಕೆಲವರು, ಇದಕ್ಕಿಂತ ಸರಿಯಾದದ್ದು ಇರಲು ಸಾಧ್ಯವಿಲ್ಲ ಅಂದವರು ಕೆಲವರು. ನಾನು ಎರಡನೇ ಪಾಲಿನವನು. 1991ರ ಆಟದ ಕೊನೆಯನ್ನು ನೋಡಿ ಕಂಗಾಲಾದವರಿಗೆ ಅದು ತಕ್ಕ ಉತ್ತರ. ನನ್ನ ತಕರಾರು ಗುಟ್ಟಿನ ಮೇಲಲ್ಲ, ಅಲ್ಲಿಗೆ ಹೋಗುವ ದಾರಿಯ ಮೇಲೆ. ಗೈಬ್ರಷ್‌ನ ಹೆಂಡತಿ ಇಲೇನ್ ಅವನ ಜೊತೆ ನಡೆಯುತ್ತಾ, ಈ ಹುಡುಕಾಟಕ್ಕಾಗಿ ಅವನು ಮಾಡಿದ ಹಾನಿಗಳ ಬಗ್ಗೆ ಮೆತ್ತಗೆ ಕೇಳುತ್ತಾಳೆ. ಅವನ್ನೆಲ್ಲ ಮಾಡಿಸಿದ್ದು ಆಡುವ ನಾವೇ. ಇಡೀ ಆಟದಲ್ಲಿ ಇದಕ್ಕಿಂತ ಚುರುಕು ಮುಟ್ಟಿಸುವ ಜಾಗ ಇನ್ನೊಂದಿಲ್ಲ. ಈಗ ಏನೋ ಆಗುತ್ತದೆ ಅಂತ ಕಾಯುತ್ತೇವೆ. ಏನೂ ಆಗುವುದಿಲ್ಲ. ಆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅಷ್ಟು ಹೊತ್ತು ಬೆಳೆಸಿದ ಹೊಸ ಮುಖಂಡರ ಕತೆಗೂ, ಲೆಚಕ್‌ನ ಸಿಟ್ಟಿಗೂ ಸರಿಯಾದ ಮುಕ್ತಾಯ ಇಲ್ಲ. ಗಾಲಿ ತಿರುಗಿಸುವ ಒಂದು ಒಗಟು, ಒಂದು ಬಾಗಿಲು, ಮುಗಿಯಿತು. ಗುಟ್ಟಿಗಿಂತ ಹುಡುಕಾಟ ದೊಡ್ಡದು ಅನ್ನುವ ಆಟ ಹುಡುಕಾಟದ ಕೊನೆಯ ಹೆಜ್ಜೆಗಳಲ್ಲೇ ಆತುರಪಟ್ಟಿದೆ.

ಆಡಬೇಕು ಅನ್ನಿಸಿದವರಿಗೆ ಒಂದು ಮಾತು. ಇದರಿಂದ ಶುರು ಮಾಡಬೇಡಿ. ಹಳೆಯ ಕತೆ ನೆನಪಿಸುವ ಚಿತ್ರಗಳ ಆಲ್ಬಮ್ ಆಟದೊಳಗೇ ಇದೆ, ಆದರೆ ಅದು ಸಾಲದು. ಮೊದಲ ಎರಡು ಆಟಗಳ ವಿಶೇಷ ಆವೃತ್ತಿಗಳು 2009 ಮತ್ತು 2010ರಲ್ಲಿ ಬಂದಿವೆ. ಒಂದು ಗುಂಡಿ ಒತ್ತಿದರೆ ಹೊಸ ಚಿತ್ರ ಹೋಗಿ ಮೂಲದ ಚಿತ್ರ ಬರುತ್ತದೆ. ಅವನ್ನು ಆಡಿ, ಆಮೇಲೆ ಇದಕ್ಕೆ ಬನ್ನಿ. ಶುರುವಿನಲ್ಲಿ ಸುಲಭವೋ ಕಷ್ಟವೋ ಅಂತ ಕೇಳುತ್ತದೆ, ಕಷ್ಟದ್ದನ್ನೇ ಆರಿಸಿಕೊಳ್ಳಿ. ಸುಳಿವಿನ ಪುಸ್ತಕವನ್ನು ಒಂದು ರಾತ್ರಿ ಕಳೆಯುವ ತನಕ ತೆರೆಯಬೇಡಿ.

ನಮಸ್ಕಾರ.