ಬ್ಯಾಂಕ್ ಷೇರಿನ ಕ್ಲೋಸ್ಡ್ ಎಂಡ್ ಫಂಡಿಗೆ ಒಂದು ಚಾರ್ಟ್ ಸಾಲದು

ಎಲ್ಲರಿಗೂ ನಮಸ್ಕಾರ. ಮೈಸೂರಿಂದ ಮಾತಾಡ್ತಾ ಇದೀನಿ. ಬ್ಯಾಂಕು, ಫೈನಾನ್ಸ್ ಕಂಪನಿಗಳ ಷೇರಲ್ಲೇ ದುಡ್ಡು ಹಾಕೋ ಕ್ಲೋಸ್ಡ್ ಎಂಡ್ ಫಂಡ್ ಚಾರ್ಟ್ ಓದೋದು ಹೇಗೆ ಅನ್ನೋದು ಇವತ್ತಿನ ವಿಷಯ. ಕುವೆಂಪುನಗರ, ಸರಸ್ವತಿಪುರಂ ಕಡೆ ವಾಕಿಂಗ್ ಮುಗಿಸಿ ಕಾಫಿಗೆ ಸೇರೋ ಗುಂಪಲ್ಲಿ ಈಗ ಅಮೆರಿಕದ ಷೇರಿನ ಮಾತೂ ಬರತ್ತೆ, ಯಾರಾದ್ರೂ ಮೊಬೈಲ್ ತೆಗೆದು ನೋಡಿ ಬೆಲೆ ಹಿಂದಿನ 200 ದಿನದ ಸರಾಸರಿ ದಾಟಿದೆ, ಇನ್ನು ಮೇಲಕ್ಕೇ ಅಂತಾರೆ. ಮಾಮೂಲಿ ಷೇರಿಗೆ ಆ ಮಾತು ಒಂದು ಮಟ್ಟಿಗೆ ನಡೆಯತ್ತೆ. ಈ ಥರದ ಫಂಡಿಗೆ ಅಷ್ಟೇ ನಂಬ್ಕೊಂಡ್ರೆ ದುಡ್ಡು ಹೋಗತ್ತೆ.

ಯಾಕೆ ಅಂದ್ರೆ, ಮಾಮೂಲಿ ಮ್ಯೂಚುವಲ್ ಫಂಡ್ ಯೂನಿಟ್ ಬೇಡ ಅಂದ್ರೆ ಫಂಡ್ ಕಂಪನಿಗೇ ವಾಪಸ್ ಕೊಟ್ಟು ಅವತ್ತಿನ ಎನ್‌ಎವಿ, ಅಂದ್ರೆ ಫಂಡಿನ ಆಸ್ತಿಯಲ್ಲಿ ಸಾಲ ಕಳೆದು ಒಂದು ಯೂನಿಟ್ಟಿಗೆ ಬೀಳೋ ಮೌಲ್ಯ, ಆ ಲೆಕ್ಕದಲ್ಲಿ ದುಡ್ಡು ತಗೋಬಹುದು, ಕ್ಲೋಸ್ಡ್ ಎಂಡಲ್ಲಿ ಆ ದಾರಿ ಇಲ್ಲ, ಎಕ್ಸ್‌ಚೇಂಜಲ್ಲಿ ಇನ್ನೊಬ್ರು ಕೊಂಡ್ಕೊಂಡ್ರೇ ಉಂಟು, ಅವರು ಕೊಟ್ಟಿದ್ದೇ ಬೆಲೆ. ಹಳಬರಿಗೆ 1994ರ ಮಾರ್ಗನ್ ಸ್ಟ್ಯಾನ್ಲಿ ಗ್ರೋತ್ ಫಂಡ್ ನೆನಪಿರತ್ತೆ, 15 ವರ್ಷದ್ದು, 10 ರೂಪಾಯಿ ಯೂನಿಟ್ಟು, ಅರ್ಜಿ ಫಾರಂಗೇ ಜನ ಮುಗಿಬಿದ್ದಿದ್ರು. ಆಮೇಲೆ ವರ್ಷಗಟ್ಲೆ ಎನ್‌ಎವಿಗಿಂತ ಕಮ್ಮಿ ಬೆಲೆಗೇ ಕೈ ಬದಲಾಯ್ತು. ಈ ಕಮ್ಮಿಗೇ ಡಿಸ್ಕೌಂಟ್ ಅನ್ನೋದು, ಜಾಸ್ತಿ ಇದ್ರೆ ಪ್ರೀಮಿಯಂ.

ಈಗ ಒಂದು ಲೆಕ್ಕ ನೋಡಿ. ಎನ್‌ಎವಿ 30 ಡಾಲರ್, ಬೆಲೆ 27, ಅಂದ್ರೆ ಡಿಸ್ಕೌಂಟ್ 10 ಪರ್ಸೆಂಟ್. ಬ್ಯಾಂಕ್ ಷೇರುಗಳು ಏರಿ ಎನ್‌ಎವಿ 33 ಆಯ್ತು, ಡಿಸ್ಕೌಂಟ್ ಹಾಗೇ ಉಳೀತು, ಆಗ ಬೆಲೆ 29.70. ಇನ್ನೊಂದ್ಸಲ ಎನ್‌ಎವಿ 30ರಲ್ಲೇ ಕೂತಿದೆ, ಜನ ಸುಮ್ನೆ ಆಸೆ ಬಿದ್ದು ಕೊಂಡು ಬೆಲೆನ 29.70ಕ್ಕೆ ತಂದ್ರು, ಡಿಸ್ಕೌಂಟ್ 1 ಪರ್ಸೆಂಟಿಗೆ ಇಳೀತು. ಚಾರ್ಟಲ್ಲಿ ಎರಡೂ ಬೆಲೆ ಏರಿತು ಅಂತ ತೋರಿಸೋ ಒಂದೇ ಹಸಿರು ಕ್ಯಾಂಡಲ್ ಕಡ್ಡಿ, ಹಳೇ ಮಟ್ಟ ದಾಟಿದ ಒಂದೇ ಬ್ರೇಕ್‌ಔಟು! ಮೊದಲನೇದ್ರಲ್ಲಿ ಆಸ್ತಿ ಬೆಳೆದಿದೆ, ಎರಡನೇದ್ರಲ್ಲಿ ಏನೂ ಬೆಳೆದಿಲ್ಲ. ಕೆಆರ್‌ಎಸ್ ಮಟ್ಟ ದಿನಾ ಪೇಪರಲ್ಲಿ ನೋಡ್ತೀವಲ್ಲ, ನೀರು ಏರಿದ್ದು ಒಳಹರಿವು ಹೆಚ್ಚಾಗಿಯೋ ಹೊರಹರಿವು ನಿಲ್ಲಿಸಿಯೋ ಅಂತ ಅಡಿ ಲೆಕ್ಕ ಒಂದೇ ನೋಡಿದ್ರೆ ಗೊತ್ತಾಗಲ್ಲ, ಹಾಗೇ ಇದು.

ನಮ್ಮೂರಿನವರಿಗೆ ಇದು ಹೊಸದೇನಲ್ಲ. 1913ರಲ್ಲಿ ಶುರುವಾದ ನಮ್ಮ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಜತೆ ಸೇರ್ತಲ್ಲ, 10 ಷೇರಿಗೆ ಎಸ್‌ಬಿಐದು 22 ಷೇರು ಅಂತ 2016ರ ಆಗಸ್ಟಲ್ಲೇ ಘೋಷಣೆ ಆಗಿತ್ತು. ಅಲ್ಲಿಂದಾಚೆಗೆ ಮೈಸೂರು ಬ್ಯಾಂಕಿನ ಚಾರ್ಟಲ್ಲಿ ಸಪೋರ್ಟ್ ಗೆರೆ, ಅಂದ್ರೆ ಇಳಿಯೋ ಬೆಲೆ ತಡೆದು ನಿಲ್ಲೋ ಮಟ್ಟದ ಗೆರೆ, ಎಳೆಯೋದಕ್ಕೆ ಅರ್ಥವೇ ಇರ್ಲಿಲ್ಲ, ನೋಡ್ಬೇಕಾಗಿದ್ದು ಎಸ್‌ಬಿಐ ಬೆಲೆನ 2.2ರಿಂದ ಗುಣಿಸಿ ಅದಕ್ಕೂ ಇದಕ್ಕೂ ಇರೋ ಅಂತರ.

ಹಾಗಾಗಿ ಅಮೆರಿಕದ ಫಂಡಿಗೆ ಎರಡು ಗೆರೆ ಹಾಕಿ, ಒಂದು ಬೆಲೆದು, ಇನ್ನೊಂದು ಎನ್‌ಎವಿದು. ಜಾನ್ ಹ್ಯಾನ್‌ಕಾಕ್ ಫೈನಾನ್ಷಿಯಲ್ ಆಪರ್ಚುನಿಟೀಸ್ ಅಂತ ಒಂದಿದೆ, 1994ರದ್ದು, ನ್ಯೂಯಾರ್ಕ್ ಎಕ್ಸ್‌ಚೇಂಜಲ್ಲಿ ಚಿಹ್ನೆ ಬಿಟಿಓ, ಹೆಚ್ಚಾಗಿ ಅಲ್ಲಿನ ಪ್ರಾದೇಶಿಕ ಬ್ಯಾಂಕುಗಳ ಷೇರು ಇಟ್ಕೊಂಡಿರತ್ತೆ. ಅದೇ ಚಿಹ್ನೆ ಹಿಂದೆ ಮುಂದೆ ಒಂದೊಂದು ಎಕ್ಸ್ ಸೇರಿಸಿ ಹುಡುಕಿದ್ರೆ ಎನ್‌ಎವಿ ಸಿಗತ್ತೆ. ಬೆಲೆನ ಎನ್‌ಎವಿಯಿಂದ ಭಾಗಿಸಿದ ಮೂರನೇ ಗೆರೆನ ಕೆಳಗಡೆ ಹಾಕಿ, ನಾನು ಹೇಳೋದಾದ್ರೆ ಆ ಮೂರನೇದೇ ಮುಖ್ಯ. ಒಂದು ವರ್ಷದ ಸರಾಸರಿ ಡಿಸ್ಕೌಂಟ್ 8, ಮಾಮೂಲಿ ಏರಿಳಿತ ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್ 2, ಇವತ್ತು 12 ಇದೆ ಅಂದ್ರೆ ಡಿಸ್ಕೌಂಟನ್ನ ಮೈನಸ್ ಅಂತ ಎಣಿಸಿದ್ರೆ ಅದು ಮೈನಸ್ 2 ಝಡ್ ಸ್ಕೋರು, ಅಂದ್ರೆ ಸರಾಸರಿಗಿಂತ ಎರಡು ಡೀವಿಯೇಷನ್ ಕೆಳಗೆ, ಅಪರೂಪಕ್ಕೆ ಅಗ್ಗ. ಆರ್‌ಎಸ್‌ಐ ಕೂಡ, ಅಂದ್ರೆ ಏರಿಕೆ ಇಳಿಕೆಯ ಜೋರನ್ನ 0ರಿಂದ 100ರೊಳಗೆ ಅಳೆಯೋ, ವೈಲ್ಡರ್ ಅನ್ನೋ ಚಾರ್ಟ್ ತಜ್ಞ 1978ರಲ್ಲಿ ಕೊಟ್ಟ 14 ದಿನದ ಲೆಕ್ಕ, ಬೆಲೆದೊಂದು ಎನ್‌ಎವಿದೊಂದು ಬೇರೆ ಬೇರೆ ತೆಗೀಬೇಕು. ಬೆಲೆದು 70 ದಾಟಿ, ಅಂದ್ರೆ ತೀರಾ ಏರಿ, ಎನ್‌ಎವಿದು 50ರ ಆಸುಪಾಸಲ್ಲೇ ಇದ್ರೆ ನಾನಂತೂ ಕೊಳ್ಳಲ್ಲ.

ಇನ್ನು ಡಿವಿಡೆಂಡ್. 30 ಡಾಲರಿನ ಫಂಡು ಮೂರು ತಿಂಗಳಿಗೊಮ್ಮೆ 60 ಸೆಂಟ್ ಹಂಚ್ತು ಅಂತಿಟ್ಕೊಳ್ಳಿ, ಎಕ್ಸ್ ಡೇಟ್, ಅಂದ್ರೆ ಅವತ್ತಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗದ ದಿನ, ಬೆಲೆ ಹೆಚ್ಚುಕಮ್ಮಿ ಅಷ್ಟು ಇಳಿಯತ್ತೆ, 5 ವರ್ಷಕ್ಕೆ 20 ಸಲ, 12 ಡಾಲರ್. ಹಂಚಿದ್ದನ್ನ ಲೆಕ್ಕಕ್ಕೆ ತಗೊಂಡು ಅಡ್ಜಸ್ಟ್ ಮಾಡದ ಚಾರ್ಟ್ ನೋಡಿದವರು ಫಂಡ್ ಮುಳುಗ್ತಿದೆ ಅಂತಾರೆ, ಹಂಚಿದ ದುಡ್ಡು ಲೆಕ್ಕಕ್ಕೇ ಬರಲ್ಲ. ಸರಾಸರಿ ಗೆರೆಗಳಿಗೆ ಡಿವಿಡೆಂಡ್ ಅಡ್ಜಸ್ಟ್ ಆದ ಚಾರ್ಟ್ ಹಾಕಿ, ಸಪೋರ್ಟಿಗೆ, ಏರಿಕೆ ತಡೆಯೋ ರೆಸಿಸ್ಟೆನ್ಸಿಗೆ ಮಾತ್ರ ಅಡ್ಜಸ್ಟ್ ಮಾಡದ್ದೇ ಬೇಕು, ಯಾಕಂದ್ರೆ ಜನ ಕೊಂಡ ಬೆಲೆ, ಮನಸ್ಸಲ್ಲಿ ಇಟ್ಕೊಂಡಿರೋ ಬೆಲೆ ಅದೇ.

ಎಲ್ಲಕ್ಕಿಂತ ಭಯ ಹುಟ್ಸೋದು ಸಾಲ. ಇಂಥ ಎಷ್ಟೋ ಫಂಡುಗಳು ಸಾಲ ತಂದು ಷೇರು ಕೊಳ್ತವೆ. ಸ್ವಂತದ್ದು 100, ಸಾಲ 25, ಒಟ್ಟು 125ರ ಬ್ಯಾಂಕ್ ಷೇರು ಇದೆ ಅನ್ನಿ. ಷೇರು 20 ಪರ್ಸೆಂಟ್ ಬಿತ್ತು, 25 ಹೋಯ್ತು, ಸಾಲ ಹಾಗೇ ಇದೆ, ಸ್ವಂತದ್ದು 75 ಉಳೀತು. ಅದೇ ಹೊತ್ತಿಗೆ ಜನ ಹೆದರಿ ಮಾರಿ, ಎನ್‌ಎವಿ ಬೆಲೆಗೆ ಹೋಗ್ತಿದ್ದದ್ದು 10 ಪರ್ಸೆಂಟ್ ಡಿಸ್ಕೌಂಟಿಗೆ ಬಂದ್ರೆ ಕೈಗೆ ಸಿಗೋದು 67.50. ಬ್ಯಾಂಕ್ ಷೇರು ಬಿದ್ದಿದ್ದು 20, ನೀವು ಕಳ್ಕೊಂಡಿದ್ದು 32.5! 2023ರ ಮಾರ್ಚ್ 10ಕ್ಕೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿತು, ಎರಡು ದಿನ ಬಿಟ್ಟು ಸಿಗ್ನೇಚರ್ ಬ್ಯಾಂಕು, ಮೇ 1ಕ್ಕೆ ಫಸ್ಟ್ ರಿಪಬ್ಲಿಕ್ಕು. ಬಡ್ಡಿ ದರ ಒಂದೇ ವರ್ಷದಲ್ಲಿ ಸೊನ್ನೆ ಹತ್ರದಿಂದ ತುಂಬಾ ಮೇಲೆ ಹೋಗಿ ಬ್ಯಾಂಕುಗಳ ಹತ್ರ ಇದ್ದ ಹಳೇ ಬಾಂಡುಗಳ ಬೆಲೆ ಕುಸಿದಿತ್ತು, ಅದು ಬ್ಯಾಲೆನ್ಸ್ ಶೀಟಲ್ಲಿ ಇತ್ತು, ಕ್ಯಾಂಡಲಲ್ಲಿ ಇರ್ಲಿಲ್ಲ. ಆದ್ದರಿಂದ ಬ್ಯಾಂಕ್ ಷೇರಿನ ಫಂಡಿಗೆ ಸ್ಟಾಪ್‌ಲಾಸ್, ಅಂದ್ರೆ ಇಷ್ಟಕ್ಕೆ ಇಳಿದ್ರೆ ಮಾರಿಬಿಡೋದು ಅನ್ನೋ ಮಟ್ಟ, ಹಾಕೋವಾಗ ಸಾಲ ಎಷ್ಟಿದೆ ಅಂತ ಮೊದಲು ನೋಡಿ, ಆಮೇಲೆ ಗೆರೆ ಎಳೀರಿ.

ಕೊನೇದಾಗಿ, ಇವುಗಳಲ್ಲಿ ದಿನದ ವಹಿವಾಟು ಕಮ್ಮಿ ಇರತ್ತೆ, ದೊಡ್ಡ ಆರ್ಡರ್ ಒಂದೇ ಬಂದ್ರೂ ಕ್ಯಾಂಡಲಿಗೆ ಉದ್ದ ಬಾಲ ಬೀಳತ್ತೆ, ಅದನ್ನ ಟ್ರೆಂಡ್ ಅಂತ ತಿಳೀಬೇಡಿ, ವಾಲ್ಯೂಮ್ ನೋಡಿ. ಸಿಕ್ಕ ಬೆಲೆಗೇ ಆಗಿಬಿಡೋ ಮಾರ್ಕೆಟ್ ಆರ್ಡರ್ ಬೇಡ, ಬೆಲೆಗೆ ಮಿತಿ ಹಾಕೋ ಲಿಮಿಟ್ ಆರ್ಡರ್ ಹಾಕಿ, ಆ ಲಿಮಿಟ್ಟನ್ನ ಹಿಂದಿನ ಸಂಜೆಯ ಎನ್‌ಎವಿ ನೋಡ್ಕೊಂಡೇ ಬರೀರಿ. ನಮಸ್ಕಾರ.